ಓಬವ್ವನ ತೊಟ್ಟಿಲಿಗೆ ಮೈಲಮ್ಮನ ಗಾದಿ

ಮಂಡಿಪೇಟೆ ಹಿಂದಿನ ಬೀದಿ, ದಾವಣಗೆರೆ
2-3-1959

ಹರಿಹರದ ಬೀಗತಿ ಮೈಲಮ್ಮನವರಿಗೆ ಓಬವ್ವ ಕೈಮುಗಿದು ಬರೆಯುವುದು. ನಾವಿಲ್ಲಿ ಆರಾಮ ಇದ್ದೇವೆ. ನನ್ನ ಮೊಣಕಾಲು ಮಾತ್ರ ಆರಾಮಿಲ್ಲ, ಅದನ್ನು ಕೇಳುವವರೂ ಇಲ್ಲ.

ನಿಮ್ಮ ಮಗಳು, ನನ್ನ ಸೊಸೆ ನೀಲಕ್ಕ ಹೆತ್ತು ಐದು ವಾರವಾಯಿತು. ಕೂಸು ಹೇಗಿದೆ ಎಂದು ಮಾರಣ್ಣನನ್ನು ಕೇಳಿದರೆ "ಐತೆ" ಅನ್ನುತ್ತಾನೆ. ಭಾನುವಾರ ಬಂತೆಂದರೆ ಬಸ್ಸು ಹತ್ತಿ ಹರಿಹರಕ್ಕೆ ಬಂದು, ನಿಮ್ಮ ಮನೆಯ ಹೋಳಿಗೆ ತಿಂದು ಬರುವ ಮಗನ ಬಾಯಲ್ಲಿ ಇನ್ನೊಂದು ಮಾತು ಹುಟ್ಟಬಾರದೇ? ಹೆಸರಿಟ್ಟ ದಿನ ಕೂಸನ್ನು ಕಂಡವಳು ಮತ್ತೆ ಕಂಡಿಲ್ಲ. ತೀರಿಕೊಂಡ ನಮ್ಮ ಯಜಮಾನರ ಹೆಸರನ್ನೇ ಇಟ್ಟಿರಿ, ಬಹಳ ಸಂತೋಷ. ಆದರೆ ಗಂಡನ ಹೆಸರು ನನ್ನ ಬಾಯಲ್ಲೂ ಬರಬಾರದು, ಕೈಯಲ್ಲೂ ಬರಬಾರದು. ಅದಕ್ಕೆ ಕೂಸನ್ನು ಸಣ್ಣ ಯಜಮಾನ ಎಂದು ಬರೆಯುತ್ತೇನೆ, ತಿಳಿದುಕೊಳ್ಳಿ.

ಈಗ ಕೆಲಸದ ಮಾತು. ಅಟ್ಟದ ಮೇಲಿದ್ದ ಸಾಗುವಾನಿ ತೊಟ್ಟಿಲು ಇಳಿಸಿ, ಒರೆಸಿ, ಎಣ್ಣೆ ಹಚ್ಚಿ ಇಟ್ಟಿದ್ದೇನೆ. ಮಾರಣ್ಣ ಮಲಗಿ ಬೆಳೆದದ್ದು ಅದರಲ್ಲೇ. ತವರಿನ ಗಾದಿ ಹಾಸದೆ ಕೂಸನ್ನು ಗಂಡನ ಮನೆಯ ತೊಟ್ಟಿಲಿಗೆ ಹಾಕುವ ಪದ್ಧತಿ ನಮ್ಮಲ್ಲೂ ಇಲ್ಲ, ನಿಮ್ಮಲ್ಲೂ ಇಲ್ಲ. ಉದ್ದ ನಾಲ್ಕು ಗೇಣು, ಅಗಲ ಎರಡು ಗೇಣು ನಾಲ್ಕು ಬೆರಳು. ಸರಿಯಾಗಿ ಕೂರುವಂತೆ ಹೊಲಿಸಿರಿ. ಸಂದು ಬಿಟ್ಟರೆ ಕೂಸಿನ ಕಾಲು ಸಿಕ್ಕಿಕೊಳ್ಳುತ್ತದೆ.

ಬಾಣಂತಿಯನ್ನು ಬೆಸ ತಿಂಗಳಲ್ಲೇ ಕಳಿಸಬೇಕು, ಮೂರು ತಪ್ಪಿದರೆ ಐದು. ಐದರವರೆಗೆ ನನಗೆ ತಾಳ್ಮೆಯಿಲ್ಲ. ಯುಗಾದಿ ಆದ ಮೇಲಿನ ಸೋಮವಾರ, ಏಪ್ರಿಲ್ ಹದಿಮೂರು, ದಿನ ಚೆನ್ನಾಗಿದೆಯಂತೆ. ಮನೆ ಭಣಭಣ ಅನ್ನುತ್ತಿದೆ. ಬೇಗ ಕಳಿಸಿಕೊಡಿ.

ಓಬವ್ವ


ಹರಿಹರ
10-3-1959

ಬೀಗತಿ ಓಬವ್ವನವರಿಗೆ ಮೈಲಮ್ಮನ ನಮಸ್ಕಾರ. ಕಾಗದ ತಲುಪಿತು. ನಿಮ್ಮ ಸಣ್ಣ ಯಜಮಾನ, ಅಂದರೆ ನಮ್ಮ ಉಚ್ಚೆಂಗಪ್ಪ (ನನಗೇನು, ನಾನು ಧಾರಾಳವಾಗಿ ಬರೆಯಬಹುದು) ಹಾಲು ಕುಡಿಯುತ್ತಾನೆ, ಮಲಗುತ್ತಾನೆ, ಎದ್ದು ಮನೆಯವರನ್ನೆಲ್ಲ ಗದರಿಸುತ್ತಾನೆ. ಹೆಸರು ಸರಿಯಾಗಿಯೇ ಕೂತಿದೆ.

ಗಾದಿಯ ಅಳತೆಯನ್ನು ನಮ್ಮ ಮನೆಯವರಿಗೆ ತೋರಿಸಿದೆ. ಅವರು ಕಾರ್ಖಾನೆಯಲ್ಲಿ ಲೇತು ನಡೆಸುವವರು, ಕೂದಲೆಳೆಯಷ್ಟು ತಪ್ಪಿದರೂ ಊಟ ಬಿಡುವವರು. "ಗೇಣು ಅಂದ್ರೆ ಯಾರ ಗೇಣು? ಇದೂ ಒಂದು ಅಳತೇನಾ?" ಎಂದು ನಕ್ಕು, ತಾವೇ ಪಿಂಜಾರ ಬುಡನ್ ಸಾಬ್‌ನ ಅಂಗಡಿಗೆ ಹೋಗಿ ತಮ್ಮ ಗೇಣಿನಲ್ಲೇ ಅಳೆದುಕೊಟ್ಟು ಬಂದರು. ಹೊಸ ಅರಳೆ, ಹೂವಿನ ಚೀಟಿ ಬಟ್ಟೆ. ಮಾರಣ್ಣನ ಕೈಯಲ್ಲಿ ಕಳಿಸಿದ್ದೇನೆ. ಹಾಸಿ ನೋಡಿ ಬರೆಯಿರಿ.

ಮೈಲಮ್ಮ


ದಾವಣಗೆರೆ
17-3-1959

ಮೈಲಮ್ಮನವರೇ,

ಗಾದಿ ಬಂತು. ಇದನ್ನು ಕೂಸಿಗೆಂದು ಹೊಲಿಸಿದಿರೋ ಮದುಮಗನಿಗೆಂದು ಹೊಲಿಸಿದಿರೋ? ತೊಟ್ಟಿಲೊಳಗೆ ತುರುಕಿದರೆ ಎರಡೂ ಕಡೆ ಗೋಡೆಯ ಹಾಗೆ ಎದ್ದು ನಿಂತು ನಡುವೆ ಗುಂಡಿ ಬಿತ್ತು. ಆ ಗುಂಡಿಯಲ್ಲಿ ಕೂಸನ್ನು ಮಲಗಿಸಿದರೆ ಹುಡುಕುವುದಕ್ಕೆ ಆಳು ಇಡಬೇಕು. ಮಾರಣ್ಣನೇ ಅದನ್ನು ಹಾಸಿಕೊಂಡು ಮಲಗುತ್ತಿದ್ದಾನೆ, ಕಾಲು ಮಾತ್ರ ಹೊರಗೆ.

ಬೀಗರು ಕೆಂಚವೀರಪ್ಪನವರ ಅಂಗೈ ರೊಟ್ಟಿ ಹೆಂಚಿನಷ್ಟಿದೆ ಎಂದು ಮದುವೆಯ ಧಾರೆಯಲ್ಲೇ ನೋಡಿದ್ದೆ. ಬರೆಯುವಾಗ ನೆನಪಾಗಲಿಲ್ಲ. ನನ್ನದೂ ತಪ್ಪಿದೆ, ಮುಚ್ಚಿಡುವುದಿಲ್ಲ. ನಮ್ಮ ತೊಟ್ಟಿಲು ಮೇಲೆ ಅಗಲ, ತಳ ಕಿರಿದು. ನಾನು ಮೊಣಕಾಲು ಬಗ್ಗದೆ ಮೇಲೆಯೇ ಅಳೆದುಬಿಟ್ಟೆ. ಈಗ ಮಂಡಿಪೇಟೆಯ ದರ್ಜಿಯ ಟೇಪು ತಂದು, ಕೂತು, ತಳದಲ್ಲೇ ಅಳೆದಿದ್ದೇನೆ. ಉದ್ದ ಮೂವತ್ತಮೂರು ಇಂಚು, ಅಗಲ ಹದಿನಾರು. ಲೇತಿನವರಿಗೂ ಒಪ್ಪುವ ಅಳತೆ ಇದು. ಹದಿಮೂರನೇ ತಾರೀಖು ಮರೆಯಬೇಡಿ.

ಓಬವ್ವ


ಹರಿಹರ
27-3-1959

ಓಬವ್ವನವರೇ, ಎರಡನೆಯ ಗಾದಿ ಕಳಿಸಿದ್ದೇನೆ. ಇಂಚಿನ ಚೀಟಿಯನ್ನು ಬುಡನ್ ಸಾಬ್‌ನ ಕೈಗೇ ಕೊಟ್ಟೆ. ಚೆನ್ನಾಗಿ ಬಂದಿದೆ ಎಂದು ನನಗೆ ಕಾಣುತ್ತದೆ. ಸರಿ ಬಾರದಿದ್ದರೆ ಅವಸರವೇನೂ ಇಲ್ಲ, ನಿಧಾನವಾಗಿ ಇನ್ನೊಂದು ಹೊಲಿಸೋಣ. ಕೂಸಿಗೆ ನಿನ್ನೆ ಎರಡು ಸಲ ಸೀನು ಬಂತು. ಬಿಸಿಲು ಬೇರೆ ಜೋರಿದೆ. ನೀಲ ಆರಾಮ ಇದ್ದಾಳೆ.

ಮೈಲಮ್ಮ


ದಾವಣಗೆರೆ
31-3-1959

ಮೈಲಮ್ಮನವರೇ,

ಮೊದಲನೆಯದು ಮದುಮಗನಿಗಾದರೆ ಎರಡನೆಯದು ಬೊಂಬೆಗೆ. ತಲೆಯ ಕಡೆ ನಾಲ್ಕು ಬೆರಳು, ಕಾಲಿನ ಕಡೆ ನಾಲ್ಕು ಬೆರಳು ಸಂದು. ಬೇಕೆಂದೇ ಬಿಟ್ಟಹಾಗೆ ಎರಡೂ ಕಡೆ ಸಮ. ನಿಮ್ಮ ಬುಡನ್ ಸಾಬ್‌ಗೆ ಕಣ್ಣು ಮಂಜಾಗಿದ್ದರೆ ಹೇಳಿ, ನಮ್ಮೂರಲ್ಲಿ ವೈದ್ಯರಿದ್ದಾರೆ.

ಇನ್ನು ಗೇಣೂ ಬೇಡ, ಇಂಚೂ ಬೇಡ. ಈ ಲಕೋಟೆಯಲ್ಲಿ ಎರಡು ದಾರ ಇಟ್ಟಿದ್ದೇನೆ. ಕೆಂಪು ದಾರ ಉದ್ದಕ್ಕೆ, ಬಿಳಿ ದಾರ ಅಗಲಕ್ಕೆ. ಗಂಟಿನಿಂದ ಗಂಟಿಗೆ ಹಿಡಿದು ಕತ್ತರಿಸಿದರೆ ಮುಗಿಯಿತು. ಎರಡು ಸಲ ಸೀನಿದ ಕೂಸಿಗೆ ಏನೂ ಆಗುವುದಿಲ್ಲ. ಮಾರಣ್ಣ ದಿನಕ್ಕೆ ಇಪ್ಪತ್ತು ಸಲ ಸೀನುತ್ತಿದ್ದ, ಈಗ ನೋಡಿ, ಹತ್ತಿ ಗಿರಣಿಯಲ್ಲಿ ಹಗಲೆಲ್ಲ ದೂಳು ಕುಡಿದೂ ಗಟ್ಟಿಯಾಗಿದ್ದಾನೆ.

ಓಬವ್ವ


ಹರಿಹರ
5-4-1959

ಓಬವ್ವನವರೇ, ದಾರ ಬಂತು. ಆದರೆ ಏನು ಹೇಳಲಿ, ಬಾಣಂತಿಯ ನೀರಿನ ಹಂಡೆಯೊಳಗೆ ಬಿದ್ದುಬಿಟ್ಟಿತು. ಬಿಸಿನೀರಿಗೆ ನೂಲು ಕುಗ್ಗಿರುತ್ತದೆ, ಅದನ್ನು ನಂಬಿ ಹೊಲಿಸುವುದು ಹೇಗೆ? ಬುಡನ್ ಸಾಬ್‌ಗೂ ರಂಜಾನ್ ಉಪವಾಸ. ಹಬ್ಬ ಮುಗಿಯುವವರೆಗೆ ಅರಳೆ ಬಡಿಯುವ ಬಿಲ್ಲನ್ನು ಮುಟ್ಟುವುದಿಲ್ಲ ಎಂದಿದ್ದಾನೆ. ಹಾಗಾಗಿ ಹದಿಮೂರಕ್ಕೆ ಆಗುವ ಲಕ್ಷಣ ಕಾಣುವುದಿಲ್ಲ. ತಪ್ಪು ತಿಳಿಯಬೇಡಿ. ನಿಮ್ಮ ಸಣ್ಣ ಯಜಮಾನ ನಕ್ಕ.

ಮೈಲಮ್ಮ


ದಾವಣಗೆರೆ
11-4-1959

ಪ್ರೀತಿಯ ಮೈಲಮ್ಮನವರೇ,

ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ಪಾಪ, ಗೇಣು ಕೈಕೊಟ್ಟಿತು, ಟೇಪು ಕೈಕೊಟ್ಟಿತು, ದಾರ ಹಂಡೆಗೆ ಬಿತ್ತು. ನೀವಾದರೂ ಏನು ಮಾಡುತ್ತೀರಿ? ಅದಕ್ಕೆ ನಾಳೆ ಮಾರಣ್ಣನ ಜೊತೆ ತೊಟ್ಟಿಲನ್ನೇ ಕಳಿಸುತ್ತಿದ್ದೇನೆ. ಎದುರಿಗೆ ಇಟ್ಟುಕೊಂಡು ಹೊಲಿಸಿರಿ. ಇದು ಹಂಡೆಯೊಳಗೆ ಬೀಳುವ ಸಾಮಾನಲ್ಲ.

ಖಾಲಿ ತೊಟ್ಟಿಲು ತೂಗಾಡಬಾರದು, ಕೂಸಿಗೆ ಒಳ್ಳೆಯದಲ್ಲ. ಬಸ್ಸಿನ ಮೇಲೆ ತೂಗಾಡದೇ ಇರುತ್ತದೆಯೇ? ಅದಕ್ಕೆ ಒಳಗೆ ನಮ್ಮ ರುಬ್ಬುವ ಗುಂಡನ್ನು ಮಲಗಿಸಿ, ಸೀರೆ ಸುತ್ತಿ ಕಟ್ಟಿದ್ದೇನೆ. ಅದು ವಾಪಸು ಬರುವವರೆಗೆ ನಮ್ಮ ಮನೆಯಲ್ಲಿ ಚಟ್ನಿ ಇಲ್ಲ. ನೆನಪಿರಲಿ.

ನಿಮ್ಮ ಓಬವ್ವ


ಹರಿಹರ
15-4-1959

ಓಬವ್ವನವರೇ, ತೊಟ್ಟಿಲು ಸುಖವಾಗಿ ಬಂದು ಸೇರಿತು. ದಾರಿಯ ಕಥೆಯನ್ನು ನಿಮ್ಮ ಮಗ ನಿಮಗೆ ಹೇಳಿರಲಾರ. ಬಸ್ಸಿನ ಕಂಡಕ್ಟರ್ "ಮ್ಯಾಲೆ ಹಾಕ್ರಿ" ಎಂದನಂತೆ. ಇವನು "ಜ್ವಾಕಿ, ಒಳಗ ಐತೆ" ಎಂದನಂತೆ. "ಒಳಗ ಏನ್ ಐತೆ? ಕೂಸಾ?" "ಅಲ್ರಿ, ಗುಂಡು." "ಗುಂಡಿಗೆ ಯಾಕ್ರಿ ಸೀರೆ ಹೊದಿಸೀರಿ?" "ನಮ್ಮವ್ವ ಹೊದಿಸ್ಯಾಳೆ." ಕಂಡಕ್ಟರ್ ಹರಿಹರ ಬರುವವರೆಗೂ ಇವನ ಪಕ್ಕ ಯಾರನ್ನೂ ಕೂರಿಸಲಿಲ್ಲವಂತೆ.

ಬುಡನ್ ಸಾಬ್ ಹಬ್ಬ ಮುಗಿಸಿ, ತೊಟ್ಟಿಲು ಬಂದ ಮಾರನೆಯ ದಿನವೇ ಮನೆಗೆ ಬಂದು, ತೊಟ್ಟಿಲ ತಳಕ್ಕೆ ಬಟ್ಟೆ ಹಿಡಿದು ಗುರುತು ಹಾಕಿ ಹೊಲಿದುಕೊಟ್ಟ. ಗಾದಿ ಎಷ್ಟು ಚೆನ್ನಾಗಿ ಕೂತಿದೆ ಎಂದರೆ ಬೆರಳು ತೂರಿಸಲು ಸಂದಿಲ್ಲ. ಉಚ್ಚೆಂಗಪ್ಪ ಅದರಲ್ಲಿ ಮಲಗಿ ಮೂರು ತಾಸು ಅಲುಗಲಿಲ್ಲ. ಇಂಥ ತೊಟ್ಟಿಲು ಕಳಿಸಿದ ನಿಮ್ಮ ಕೈ ತಣ್ಣಗಿರಲಿ.

ಹೊಸ ಅರಳೆ ಹದಕ್ಕೆ ಬರಲು ಒಂದು ತಿಂಗಳು, ಒಂದೂವರೆ ತಿಂಗಳು ಬೇಕೆನ್ನುತ್ತಾರೆ. ಅಲ್ಲಿಯವರೆಗೆ ಇಲ್ಲೇ ಮಲಗಲಿ.

ಮೈಲಮ್ಮ


ದಾವಣಗೆರೆ
18-4-1959

ಬೀಗತಿಯವರೇ,

ಕೂಸಿಲ್ಲದ ಮನೆಯಲ್ಲಿ ಈಗ ತೊಟ್ಟಿಲೂ ಇಲ್ಲ, ರುಬ್ಬುವ ಗುಂಡೂ ಇಲ್ಲ. ಎಂಥ ದಡ್ಡಿ ನಾನು! ಕೊಡುವುದನ್ನೆಲ್ಲ ಕೊಟ್ಟು ಕಳಿಸಿ, ಬಾಗಿಲಲ್ಲಿ ಕೂತು ಬಸ್ಸಿನ ದಾರಿ ನೋಡುತ್ತಿದ್ದೇನೆ.

ಇನ್ನು ನಯದ ಮಾತು ಸಾಕು. ಏಳನೇ ತಾರೀಖು ನಿಮ್ಮ ಬುಡನ್ ಸಾಬ್ ಮಂಡಿಪೇಟೆಗೆ ಅರಳೆ ಕೊಳ್ಳಲು ಬಂದಿದ್ದ. ನಿಲ್ಲಿಸಿ ಕೇಳಿದೆ. ಅವನು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ: "ಅವ್ವಾರೆ, ಖುದಾನ ಆಣೆ, ನನ್ನ ಅಳತೆ ತಪ್ಪಂಗಿಲ್ಲ. ಚೀಟಿ ಸರಿ ಇತ್ತು. ಮೈಲಮ್ಮಾರು 'ಎರಡೂ ಕಡಿ ನಾಕು ಬೆಳ್ಳು ಕಮ್ಮಿ ಮಾಡಪ್ಪ, ಯಾಕ ಅಂತ ಕೇಳಬ್ಯಾಡ' ಅಂದ್ರು. ನಾನು ಕೇಳ್ಲಿಲ್ಲ." ದಾರ ಎಂದೆ. "ಯಾವ ದಾರ್ರಿ?" ಎಂದ. ಉಪವಾಸದಲ್ಲಿ ಬಿಲ್ಲು ಮುಟ್ಟುವುದಿಲ್ಲವಂತಲ್ಲಪ್ಪ ಎಂದೆ. "ಮುಟ್ಟದಿದ್ರೆ ಹೊಟ್ಟಿಗೆ ಏನ್ ಮಾಡ್ಲವ್ವ, ದಿನಾ ಮುಟ್ತೀನಿ" ಎಂದ.

ಇದೆಲ್ಲ ಗೊತ್ತಿದ್ದೇ ತೊಟ್ಟಿಲು ಕಳಿಸಿದೆ. ನೆಪ ಮುಗಿದರೆ ಕಳಿಸುತ್ತೀರಿ ಎಂದುಕೊಂಡಿದ್ದೆ. ನೀವು ನನಗಿಂತ ಒಂದು ಕೈ ಮೇಲು, ತೊಟ್ಟಿಲನ್ನೇ ಇಟ್ಟುಕೊಂಡಿರಿ. ಮೂರನೇ ತಿಂಗಳು ಮುಗಿಯಲು ಆರು ದಿನವಿದೆ. ನಮ್ಮ ಮನೆ ಏನು ಹುಲಿಯ ಗವಿಯೇ? ಗಂಡುಮಗನ ತಾಯಿ ಎಂದು ನಿಮ್ಮನ್ನು ಒಂದು ಸಲವಾದರೂ ಏಕವಚನದಲ್ಲಿ ಕರೆದಿದ್ದೇನೆಯೇ? ಏನಿದ್ದರೂ ಎದುರೆದುರು ಹೇಳಿ. ತೊಟ್ಟಿಲು ಖಾಲಿ ವಾಪಸು ಬರಬಾರದು, ಅದು ನಿಮಗೂ ಗೊತ್ತು.

ಓಬವ್ವ


ಹರಿಹರ
21-4-1959

ಓಬವ್ವನವರಿಗೆ,

ಬರುವಾಗ ಗುಂಡು ಹೊತ್ತು ಬಂದ ತೊಟ್ಟಿಲು ಹೋಗುವಾಗಲೂ ಗುಂಡು ಹೊತ್ತೇ ಹೋಗಬಹುದು ಎಂದು ಮೊದಲು ಬರೆದೆ. ಆಮೇಲೆ ಆ ಹಾಳೆ ಹರಿದೆ. ನೀವು ಎದುರೆದುರು ಹೇಳಿ ಎಂದಿದ್ದೀರಿ. ಎದುರಿಗೆ ನಿಂತಿದ್ದರೆ ನನ್ನ ಬಾಯಿ ಏಳುತ್ತಿರಲಿಲ್ಲ. ಕಾಗದ ನಡುವೆ ಇದೆಯೆಂದು ಧೈರ್ಯ.

ಗಾದಿ ಕೆಡಿಸಿದ್ದು ನಾನೇ. ಮೊದಲನೆಯದು ಸತ್ಯವಾಗಿಯೂ ನಮ್ಮ ಮನೆಯವರ ಕೈ. ಅದು ಸರಿಬರಲಿಲ್ಲ, ಇನ್ನಷ್ಟು ದಿನ ಸಿಕ್ಕಿತು ಎಂದು ನನಗೆ ಎಷ್ಟು ಸಂತೋಷವಾಯಿತೆಂದರೆ, ಎರಡನೆಯದನ್ನು ಬೇಕೆಂದೇ ಕೆಡಿಸಿದೆ. ದಾರ ಈಗಲೂ ನನ್ನ ಪೆಟ್ಟಿಗೆಯಲ್ಲಿದೆ, ಒಣಗಿಯೇ ಇದೆ.

ನಿಮ್ಮ ಮನೆ ಹುಲಿಯ ಗವಿಯಲ್ಲ. ನೀಲ ನಿಮ್ಮ ಮೇಲೆ ಒಂದು ದೂರು ಹೇಳಿದವಳಲ್ಲ. ಆದರೆ ಐವತ್ತೇಳರ ದಸರೆ ಹೊತ್ತಿಗೆ ನಾಲ್ಕು ತಿಂಗಳದ್ದು ಹೋಯಿತಲ್ಲ, ಅವತ್ತು ಬೆಳಿಗ್ಗೆ ಅವಳು ಬೀದಿಯ ನಲ್ಲಿಯಿಂದ ಹದಿನಾಲ್ಕು ಕೊಡ ನೀರು ಹೊತ್ತಿದ್ದಳು. ಇದನ್ನು ಅವಳು ನನಗೆ ಹೇಳಿದ್ದೂ ಮೊನ್ನೆ, ಈ ಕೂಸು ಕೈಗೆ ಬಂದ ಮೇಲೆ, ಅದೂ ನಾನು ಹತ್ತು ಸಲ ಕೇಳಿದ್ದಕ್ಕೆ. "ಅತ್ತೀಗೆ ಮೊಣಕಾಲು ನೋವು, ಅವರಾದ್ರೂ ಏನ್ ಮಾಡ್ತಾರೆ" ಎಂದು ನಿಮ್ಮ ಪರವಾಗಿಯೇ ಮಾತಾಡಿದಳು. ಮೂರನೇ ತಿಂಗಳಿಗೆ ಬಂದರೆ ಅವಳು ಮತ್ತೆ ಕೊಡ ಎತ್ತುತ್ತಾಳೆ. ನೀವು ಬೇಡವೆಂದರೂ ಎತ್ತುತ್ತಾಳೆ, ಸುಮ್ಮನೆ ಕೂರುವ ಹುಡುಗಿಯಲ್ಲ. ಈ ಸಲ ಹೆರಿಗೆಯಲ್ಲಿ ಅವಳಿಗೆ ಬಹಳ ರಕ್ತ ಹೋಗಿದೆ, ನಿಮಗೆ ಹೇಳಲಿಲ್ಲ.

ಹೆಣ್ಣು ಕೊಟ್ಟವಳು ನಾನು. ನಮ್ಮ ಹುಡುಗಿಗೆ ನೀರು ಹೊರಿಸಬೇಡಿ ಎಂದು ಯಾವ ಬಾಯಲ್ಲಿ ಕೇಳಲಿ? ಗಾದಿಯಾದರೆ ನನ್ನ ಕೈಯಲ್ಲಿತ್ತು, ಕೆಡಿಸಿದೆ. ನನಗೆ ಹೆದರಿಕೆ ಓಬವ್ವನವರೇ, ಅಷ್ಟೇ. ಬೈಯುವುದಿದ್ದರೆ ಬೈದು ಬರೆಯಿರಿ.

ಮೈಲಮ್ಮ


ಹರಿಹರ
4-5-1959

ಓಬವ್ವನವರೇ, ಎರಡು ವಾರವಾಗುತ್ತ ಬಂತು, ನಿಮ್ಮ ಕಾಗದವಿಲ್ಲ. ಮಾರಣ್ಣನನ್ನು ಕೇಳಿದರೆ "ಅವ್ವ ಅದಾಳೆ" ಅನ್ನುತ್ತಾನೆ, ಅಷ್ಟೇ. ಗುಂಡನ್ನಾದರೂ ಕಳಿಸಿದ್ದೇನೆ, ಚಟ್ನಿ ಮಾಡಿಕೊಳ್ಳಿ. ಬಹಳ ಕೋಪವೇ?

ಮೈಲಮ್ಮ


ದಾವಣಗೆರೆ
15-5-1959

ಮೈಲಮ್ಮನವರೇ,

ನಿಮ್ಮ ಕಾಗದ ಓದಿದ ದಿನವೇ ನಾಲ್ಕು ಪುಟ ಉತ್ತರ ಬರೆದೆ. ನಾನು ಸೊಸೆಯಾಗಿದ್ದಾಗ ಹದಿನಾಲ್ಕಲ್ಲ, ಇಪ್ಪತ್ತು ಕೊಡ ಹೊತ್ತಿದ್ದೆ, ಬಾವಿಯಿಂದ ಸೇದಿ ಹೊತ್ತಿದ್ದೆ, ನನಗೇನಾಯಿತು ಎಂದು ಬರೆದೆ. ಬರೆದದ್ದನ್ನು ಓದಿಕೊಂಡೆ. ನನಗೇನಾಯಿತು ಎಂಬ ಸಾಲಿಗೆ ಬಂದಾಗ, ಮಾರಣ್ಣನಿಗಿಂತ ಮುಂಚೆ ನನಗೂ ಒಂದು ಹೋಗಿತ್ತು ಎಂದು ನೆನಪಾಯಿತು. ಯಾರಾದರೂ ಕಾರಣ ಕೇಳಿದರೆ ದೃಷ್ಟಿಯಾಯಿತು ಎಂದು ನಮ್ಮತ್ತೆ ಹೇಳುತ್ತಿದ್ದರು. ನೀಲನಿಗೆ ಆದಾಗ ನಾನೂ ಅದನ್ನೇ ಹೇಳಿದೆ. ನಾಲ್ಕೂ ಪುಟವನ್ನು ಒಲೆಗೆ ಹಾಕಿದೆ.

ಮಾರನೆಯ ದಿನ, ನೀಲ ತವರಿಗೆ ಹೋದಾಗಿನಿಂದ ನಮಗೆ ನೀರು ತರುವ ಅಂಜಿನವ್ವನಿಗೆ ಹದಿನೈದು ದಿನ ಬರಬೇಡವೆಂದೆ. ನಾನೇ ಕೊಡ ಹಿಡಿದು ಹೋದೆ. ಎಷ್ಟು ಹೊತ್ತೆ ಎಂದು ಕೇಳಿ. ಆರು. ಏಳನೆಯದಕ್ಕೆ ಸೊಂಟ ಹಿಡಿದು, ನಲ್ಲಿಯ ಕಟ್ಟೆಯ ಮೇಲೆ ಕೂತವಳನ್ನು ಎದುರುಮನೆಯ ಕಮಲಕ್ಕ ಹೆಗಲು ಕೊಟ್ಟು ಕರೆದುಕೊಂಡು ಬಂದಳು. ಎರಡು ವಾರಕ್ಕೂ ಹೆಚ್ಚು ಮಲಗಿದೆ. ಕಾಗದ ಬರಲಿಲ್ಲವೆಂದರೆ ಕೋಪಕ್ಕಲ್ಲ, ಬೋರಲು ಮಲಗಿ ಬರೆಯಲು ನನಗೆ ಬರುವುದಿಲ್ಲ.

ಅವತ್ತು ಆ ಕೊಡಗಳನ್ನು ಎತ್ತಿ ಎತ್ತಿ ಅವಳ ಸೊಂಟಕ್ಕೆ ಇಟ್ಟವಳು ನಾನೇ ಮೈಲಮ್ಮ. ನಾಲ್ಕು ತಿಂಗಳೆಂದು ಗೊತ್ತಿತ್ತು. ಹಬ್ಬ, ನೆಂಟರು ಬರುತ್ತಾರೆ, ಬೇಗ ಬೇಗ ಎಂದೆ. ಇದನ್ನು ಇನ್ನೊಬ್ಬರ ಮುಂದೆ ಹೇಳುವ ಧೈರ್ಯ ನನಗಿಲ್ಲ, ನಿಮಗೆ ಹೇಳಿದ್ದೇನೆ.

ಈಗ ನೀರಿಗೆ ಮಾರಣ್ಣ ಹೋಗುತ್ತಾನೆ. ಗಿರಣಿಯ ಪಾಳಿ ಮುಗಿಸಿ ಬಂದು ಎರಡು ಕೊಡ ಹಿಡಿದು ಹೆಂಗಸರ ಸರತಿಯಲ್ಲಿ ನಿಲ್ಲುತ್ತಾನೆ. ಮೊದಲ ದಿನ ನಕ್ಕರು. ಎರಡನೆಯ ದಿನ "ಪಾಪ, ಗಂಡಸು, ಮುಂದ ಬಿಡ್ರೇ" ಎಂದು ಜಾಗ ಬಿಟ್ಟರು. ಈಗ ಅವನಿಗೆ ಬೀದಿಯ ಸುದ್ದಿಯೆಲ್ಲ ನನಗಿಂತ ಮೊದಲು ಗೊತ್ತಾಗುತ್ತದೆ. "ಐತೆ" ಬಿಟ್ಟು ಬೇರೆ ಮಾತೂ ಕಲಿತಿದ್ದಾನೆ.

ನೀಲನನ್ನು ಐದನೇ ತಿಂಗಳಲ್ಲಿ ಕಳಿಸಿ. ಮೈ ತುಂಬಿಕೊಂಡು ಬರಲಿ.

ಓಬವ್ವ


ಹರಿಹರ
10-6-1959

ಓಬವ್ವನವರೇ, ನಾಡಿದ್ದು ಶುಕ್ರವಾರ ಬೆಳಗಿನ ಬಸ್ಸಿಗೆ ನೀಲ, ಕೂಸು, ತೊಟ್ಟಿಲು, ಗಾದಿ, ಮಾರಣ್ಣ ಎಲ್ಲರೂ ಬರುತ್ತಾರೆ. ತೊಟ್ಟಿಲನ್ನು ಬಸ್ಸಿನ ಮೇಲೆ ಹಾಕಿದರೂ ಕೂಸು ನೀಲನ ಮಡಿಲಲ್ಲಿರುತ್ತದೆ. ಖಾಲಿ ತೂಗಾಡಬಾರದೆಂದು ಒಳಗೆ ಹೂಕೋಸು, ಬದನೆಕಾಯಿ ಇಟ್ಟಿದ್ದೇನೆ.

ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ. ನೀಲನಿಗೆ ತೋರಿಸಲಿಲ್ಲ, ನಮ್ಮ ಮನೆಯವರಿಗೂ ತೋರಿಸಲಿಲ್ಲ. ಅದು ಇನ್ನು ನಿಮ್ಮಲ್ಲಿ ನನ್ನಲ್ಲಿ. ಹೆದರಿಕೆ ಹೋಯಿತು ಎಂದರೆ ಸುಳ್ಳಾಗುತ್ತದೆ, ಅರ್ಧ ಹೋಗಿದೆ. ಉಚ್ಚೆಂಗಪ್ಪನ ಅಂಗಿಯೊಂದನ್ನು ತೊಳೆಯದೆ ಇಟ್ಟುಕೊಂಡಿದ್ದೇನೆ, ಲೆಕ್ಕ ಕೇಳಬೇಡಿ.

ಮೈಲಮ್ಮ


ದಾವಣಗೆರೆ
22-6-1959

ಮೈಲಮ್ಮನವರೇ,

ಎಲ್ಲರೂ ಬಂದು ಮುಟ್ಟಿ ಹತ್ತು ದಿನವಾಯಿತು, ಬರೆಯಲು ಪುರುಸೊತ್ತು ಕೊಟ್ಟರೆ ತಾನೇ? ಗಾದಿ ತೊಟ್ಟಿಲಿಗೆ ಅಂಗೈ ಒತ್ತಿದ ಹಾಗೆ ಕೂತಿದೆ. ಇಷ್ಟು ಅಳೆದು ಸುರಿದು ಹೊಲಿಸಿದ ಗಾದಿಯ ಮೇಲೆ ಸಣ್ಣ ಯಜಮಾನ ಮಲಗುವುದೇ ಇಲ್ಲ. ನನ್ನ ಮಡಿಲೇ ಬೇಕು. ತೊಟ್ಟಿಲಿಗೆ ಹಾಕಿದರೆ ಬೀದಿ ಎದ್ದು ಬರುವ ಹಾಗೆ ಕಿರುಚುತ್ತಾನೆ. ನನಗೂ ಅವನನ್ನು ಕೆಳಗಿಡಲು ಮನಸ್ಸಿಲ್ಲ, ಅದನ್ನು ಯಾರಿಗೂ ಹೇಳಬೇಡಿ.

ನೀವು ಹೇಳಿದ್ದು ನಿಜ, ಹುಡುಗಿ ಸುಮ್ಮನೆ ಕೂರುವವಳಲ್ಲ. ಮೊನ್ನೆ ಬೆಳಿಗ್ಗೆ ಕೂಸಿಗೆ ಎಣ್ಣೆ ತೀಡುತ್ತಿದ್ದೆ. ತಲೆ ಎತ್ತಿ ನೋಡಿದರೆ ಇವಳು ತುಂಬಿದ ಕೊಡ ಸೊಂಟಕ್ಕಿಟ್ಟು ನಲ್ಲಿಯಿಂದ ಬರುತ್ತಿದ್ದಾಳೆ. ಕೂಸನ್ನು ಮಾರಣ್ಣನ ಕೈಗೆ ಎಸೆದವಳೇ ಬೀದಿಗೆ ಓಡಿದೆ. ಮೊಣಕಾಲು ನೆನಪಿಗೇ ಬರಲಿಲ್ಲ. "ಏ ನೀಲಾ! ಇಡೇ ಕೆಳಗೆ! ಯಾರು ಹೇಳಿದ್ರೇ ನಿನಗೆ ಕೊಡ ಮುಟ್ಟಾಕ? ಇನ್ನೊಂದ್ಸಲ ಮುಟ್ಟಿದ್ರೆ ಕೈ ಮುರೀತೀನಿ ನೋಡು!" ಎಂದು ಕೊಡ ಕಿತ್ತುಕೊಂಡೆ. ನೀರೆಲ್ಲ ಇಬ್ಬರ ಮೈಮೇಲೆ. ಹುಡುಗಿ ಬೆಪ್ಪಾಗಿ ನಿಂತಳು.

ನಲ್ಲಿಯ ಸರತಿಯೆಲ್ಲ ತಿರುಗಿ ನೋಡಿತು. ಕಮಲಕ್ಕ ಮುಂದೆ ಬಂದು, "ಯಾಕ ಓಬವ್ವ, ಬಾಣಂತಿ ಮ್ಯಾಲೆ ಹಿಂಗ್ಯಾಕ ಹರಿಹಾಯ್ತೀರಿ? ಪಾಪ, ನಿಮ್ಮ ಮನಿಗೇ ಅಲ್ಲೇನ್ರಿ ನೀರು ಹೊರ್ತಿರೋದು?" ಎಂದಳು. ಇನ್ನೊಬ್ಬಳು ಹಿಂದಿನಿಂದ, "ಬಂದು ಹತ್ತು ದಿನ ಆಗಿಲ್ಲ, ಆಗಲೇ ಶುರು ಆತು" ಎಂದಳು. ಯಾಕೆಂದು ಹೇಳಲು ಬಾಯಿ ತೆರೆದೆ. ಹೇಳುವುದಾದರೆ ಆ ದಸರೆಯ ಬೆಳಗ್ಗಿನಿಂದ ಹೇಳಬೇಕು, ಅದೂ ನೀಲನ ಎದುರಿಗೆ. ಬಾಯಿ ಮುಚ್ಚಿಕೊಂಡು, ಕೊಡ ಎತ್ತಿಕೊಂಡು, ಅವಳನ್ನು ಮುಂದೆ ಮಾಡಿಕೊಂಡು ಒಳಗೆ ಬಂದೆ.

ಈಗ ಮಂಡಿಪೇಟೆ ಹಿಂದಿನ ಬೀದಿಯಲ್ಲೆಲ್ಲ ಓಬವ್ವ ಬಾಣಂತಿ ಸೊಸೆಯನ್ನು ನಡುಬೀದಿಯಲ್ಲಿ ಬೈದು ಕೊಡ ಕಿತ್ತುಕೊಂಡಳು ಎಂದೇ ಮಾತು. ನಾಳೆ ಆ ಮಾತು ಬಸ್ಸು ಹತ್ತಿ ಹರಿಹರಕ್ಕೂ ಬರುತ್ತದೆ. ಯಾರಾದರೂ ನಿಮ್ಮ ಜಗುಲಿಯಲ್ಲಿ ಕೂತು, ನಿಮ್ಮ ಬೀಗತಿ ಗಯ್ಯಾಳಿ ಎಂದು ಹೇಳುತ್ತಾರೆ. ಹೌದೌದು ಎಂದು ತಲೆಯಾಡಿಸಿ, ಎಲೆಅಡಿಕೆ ಕೊಟ್ಟು ಕಳಿಸಿ. ನಿಮಗೆ ಗೊತ್ತಿದ್ದರೆ ನನಗೆ ಸಾಕು.

ಓಬವ್ವ